ಸಹಿ ಇಲ್ಲದ ಸೋಡಚೀಟಿ

ನಮ್ಮೂರು ಮುದ್ದೇಬಿಹಾಳದ ಒಂದು ಕಚೇರಿಯ ಪಡಸಾಲೆಯಲ್ಲಿ ಕಟ್ಟಿಗೆಯ ಬೆಂಚೊಂದಿದೆ. ಅದರ ಒಂದು ಕಾಲು ಗಿಡ್ಡ. ತುದಿಯಲ್ಲಿ ಕೂತವರು ಏಳುವಾಗ ಪಕ್ಕದವರಿಗೆ ಹೇಳಿ ಏಳಬೇಕು, ಇಲ್ಲದಿದ್ದರೆ ಬೆಂಚು ವಾಲಿ ಅವರು ನೆಲ ಕಾಣುತ್ತಾರೆ. 2021ರ ಶ್ರಾವಣದಿಂದ ನಾನು ಆ ಬೆಂಚಿನ ಕಾಯಂ ಗಿರಾಕಿ.

ಮೊದಲ ದಿನ ಗುಮಾಸ್ತ ಹುಡುಗ ಅರ್ಜಿ ತಿರುವಿ ನೋಡಿ, "ಮಾಸ್ತರು ನಿಮಗೇನಾಗಬೇಕ್ರಿ ಅಮ್ಮಾರ?" ಎಂದು ಕೇಳಿದ. ಸಂಬಂಧ ಕೇಳುವಾಗ ನಾವು "ಏನಾಗಬೇಕು" ಎಂದೇ ಕೇಳುತ್ತೇವೆ. ಆಗಿ ಹೋದ ಸಂಬಂಧಕ್ಕೆ ಆ ಪ್ರಶ್ನೆಯಲ್ಲಿ ಜಾಗವೇ ಇಲ್ಲ. ಗಂಡ ಎಂಬ ಮಾತು ನನ್ನ ಬಾಯಿಗೆ ಬಂದು ಇಪ್ಪತ್ನಾಲ್ಕು ವರ್ಷ ಆಗಿತ್ತು. ತಡವರಿಸುತ್ತಾ ಕೂತೆ. ಅವನೇ ಪಾಪ, "ಬರೇ ಹೆಸರು ಹೇಳ್ರಿ, ನಾ ಬರಕೋತೀನಿ" ಅಂದ.

ಮದುವೆಯಾದದ್ದು 1989ರಲ್ಲಿ. ಅವರು ಪ್ರಾಥಮಿಕ ಶಾಲೆಯ ಮಾಸ್ತರರು. ಆರು ವರ್ಷ ಸಂಸಾರ ಮಾಡಿದೆವು, ಒಬ್ಬ ಮಗಳಾದಳು. 1995ರಲ್ಲಿ ಸಿಂದಗಿ ಕಡೆಗೆ ಬದಲಿಯಾಯಿತು. ಮನೆ ಹುಡುಕಿ ಕರೆದೊಯ್ಯುತ್ತೇನೆ ಎಂದು ಹೋದವರು ಮನೆಯನ್ನೇನೋ ಹುಡುಕಿದರು, ಕರೆಯಲು ಮಾತ್ರ ಬರಲಿಲ್ಲ. ಯಾಕೆ ಎಂಬುದನ್ನು ಇಲ್ಲಿ ಬರೆದು ಪ್ರಯೋಜನವಿಲ್ಲ. ನನಗೂ ಪೂರ್ತಿ ಗೊತ್ತಿಲ್ಲ.

1997ರ ಬೇಸಿಗೆಯಲ್ಲಿ ನಮ್ಮಪ್ಪನ ಮನೆಯ ಕಟ್ಟೆಯ ಮೇಲೆ ಪಂಚರು ಕೂತರು. ನಾನು ಒಳಗೆ ಒಲೆಯ ಮುಂದಿದ್ದೆ. ಒಂಬತ್ತು ಕಪ್ಪು ಚಹಾ ಮಾಡಿದ್ದು ನೆನಪಿದೆ, ಯಾಕೆಂದರೆ ಮನೆಯಲ್ಲಿದ್ದದ್ದು ಏಳೇ ಕಪ್ಪು, ಎರಡು ಲೋಟ ಕೂಡಿಸಿದ್ದೆ. ಹೊರಗೆ ಛಾಪಾ ಕಾಗದದ ಮೇಲೆ ಸೋಡಚೀಟಿ ಬರೆದರು. ಹನ್ನೊಂದು ಸಾವಿರ ರೂಪಾಯಿ ಕೊಡುವುದು, ಇನ್ನು ಮುಂದೆ ಒಬ್ಬರ ಮೇಲೊಬ್ಬರ ಹಕ್ಕಿಲ್ಲ. ಅವರು ಸಹಿ ಮಾಡಿದರು, ಅಪ್ಪ ಮಾಡಿದ, ಅಣ್ಣ ಮಾಡಿದ, ಪಂಚರು ಮಾಡಿದರು. ನಾನು ಏಳನೆಯ ಇಯತ್ತೆ ಪಾಸಾದವಳು, ನನಗೂ ಸಹಿ ಬರುತ್ತಿತ್ತು. ಒಳಗಿದ್ದವಳನ್ನು ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹನ್ನೊಂದು ಸಾವಿರದಲ್ಲಿ ಅಪ್ಪ ಒಂದು ಎಮ್ಮೆ ಕೊಂಡ. ಒಳ್ಳೆಯ ಎಮ್ಮೆ, ಮಗಳು ಅದರ ಹಾಲಿನಲ್ಲೇ ಬೆಳೆದಳು. ಕಾಗದ ಟ್ರಂಕಿನ ತಳಕ್ಕೆ ಹೋಯಿತು. ಅದರ ಇನ್ನೊಂದು ಪ್ರತಿ ಅವರ ಹತ್ತಿರ.

ನಮ್ಮ ಭಾಗದ ಎಷ್ಟೋ ಸಮಾಜಗಳಲ್ಲಿ ಸೋಡಚೀಟಿ ಹೊಸದಲ್ಲ, ಅದರ ನಂತರದ ಉಡಿಕೆಯೂ ಹೊಸದಲ್ಲ. 1955ರ ಹಿಂದೂ ವಿವಾಹ ಕಾಯಿದೆಯೂ ರೂಢಿಯಿಂದ ಬಂದ ಬಿಡುಗಡೆಗೆ ಅಡ್ಡ ಬರುವುದಿಲ್ಲ. ಆದರೆ ಅಂಥ ರೂಢಿ ತಮ್ಮಲ್ಲಿದೆ ಎನ್ನುವವರು ಅದನ್ನು ಸಾಬೀತು ಮಾಡಬೇಕು. ಬರೀ ಕಾಗದ ತೋರಿಸಿದರೆ ಸಾಲದು. 2002ರಲ್ಲಿ ಯಮನಾಜಿ ಜಾಧವ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿತಂತೆ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಬೆಂಚಿನ ಮೇಲೆ ಕೂತು ಕಲಿತದ್ದು. ಕಾಯುವವರಿಗೆ ಕಾನೂನು ತಾನಾಗಿ ಬರುತ್ತದೆ, ರೋಗಿಗಳಿಗೆ ಔಷಧದ ಹೆಸರು ಬರುವ ಹಾಗೆ.

2021ರಲ್ಲಿ ಅವರು ತೀರಿಕೊಂಡರು, ನಿವೃತ್ತಿಗೆ ಕೆಲವೇ ತಿಂಗಳಿದ್ದವು. ನಾನು ಹೋಗಲಿಲ್ಲ. ಮನೆಯಲ್ಲಿ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇನೆ, ಅಂದೂ ಬಡಿದೆ. ಹದಿನೈದು ದಿನ ಕಳೆದ ಮೇಲೆ ಅವರ ಜೊತೆ ಕೆಲಸ ಮಾಡಿದ್ದ ಹಿರಿಯ ಮಾಸ್ತರರೊಬ್ಬರು ಮನೆಗೆ ಬಂದರು. "ತಂಗೆವ್ವಾ, ಸರ್ವಿಸ್ ಬುಕ್ಕಿನ್ಯಾಗ ಹೆಂಡತಿ ಅಂತ ಇನ್ನೂ ನಿನ್ನ ಹೆಸರ ಐತಿ. ಒಂದು ಅರ್ಜಿ ಹಾಕು" ಎಂದರು.

ಹೊಡೆದು ಹಾಕುವುದಕ್ಕೆ ಒಂದು ಗೆರೆ ಸಾಕಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಅವರು ಆ ಗೆರೆ ಎಳೆದಿರಲಿಲ್ಲ. ಮರೆವೋ, ಆಲಸ್ಯವೋ, ಇನ್ನೇನೋ. ಆ ರಾತ್ರಿ ನಿದ್ದೆ ಬರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಕುಟುಂಬ ಪಿಂಚಣಿ ಎಂದರೆ ಸಾಧಾರಣವಾಗಿ ಕೊನೆಯ ಮೂಲವೇತನದ ಶೇಕಡಾ 30. ರೊಟ್ಟಿ ಬಡಿಯುವವಳಿಗೆ ಅದು ದೊಡ್ಡ ಮೊತ್ತ. ನನ್ನ ಬಲಗೈ ಮಣಿಕಟ್ಟು ಈಗ ಮೊದಲಿನಂತಿಲ್ಲ, ಥಂಡಿಯಲ್ಲಿ ಹಿಟ್ಟು ನಾದಲು ಬಾರದು. ಹಾಗಾಗಿ ಅರ್ಜಿ ಹಾಕಿದೆ. ಮರಣಪತ್ರ, ವಂಶವೃಕ್ಷ, ಬದುಕಿರುವ ಸದಸ್ಯರ ಪ್ರಮಾಣಪತ್ರ ಎಂದು ನಾಡಕಚೇರಿಗೆ ಅಲೆದೆ. ಮದುವೆಯ ಫೋಟೋ ಒಂದಿತ್ತು, ಗೆದ್ದಲು ಅವರ ಮುಖವನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದಿತ್ತು. ಎಲ್ಲ ಮುಗಿದ ಮೇಲೆ ಗುಮಾಸ್ತ ಕೇಳಿದ: "ಸೋಡಚೀಟಿ ಏನರ ಆಗಿತ್ತೇನ್ರಿ?"

"ನೆನಪಿಲ್ಲ" ಎಂದೆ.

ಸುಳ್ಳು ಹೇಳಿದ್ದು ನಾನೇ, ಯಾರೂ ಹೇಳಿಕೊಟ್ಟದ್ದಲ್ಲ.

ಅಲ್ಲಿಂದ ಫೈಲು ನಿಂತಿತು. ಯಾಕೆಂದರೆ ಇನ್ನೊಂದು ಅರ್ಜಿಯೂ ಬಂದಿತ್ತು, ನಾಮಿನಿ ಕಾಗದದಲ್ಲಿ ಹೆಸರಿದ್ದ ಆಕೆಯದು. ಸೋಡಚೀಟಿಯ ಕೆಲವು ವರ್ಷದ ಮೇಲೆ ಗುಡಿಯಲ್ಲಿ ತಾಳಿ ಕಟ್ಟಿಸಿಕೊಂಡವಳು. ಒಬ್ಬ ಮಗನಿದ್ದಾನೆ. ಪಿಂಚಣಿ ಸತ್ತವರ ಆಸ್ತಿಯಲ್ಲ, ಅದನ್ನು ಮೃತ್ಯುಪತ್ರ ಬರೆದು ತಮಗೆ ಬೇಕಾದವರಿಗೆ ಕೊಡಲಾಗದು ಎಂದು 1991ರಲ್ಲೇ ರೈಲ್ವೆ ನೌಕರನ ವಿಧವೆಯೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲ ಮದುವೆ ಇರುವಾಗ ಎರಡನೆಯವಳಿಗೆ ಪಿಂಚಣಿಯಿಲ್ಲ, ಆದರೆ ಆಕೆಯ ಅಪ್ರಾಪ್ತ ಮಕ್ಕಳಿಗೆ ಪಾಲುಂಟು ಎಂದದ್ದು 2000ದ ರಾಮೇಶ್ವರಿ ದೇವಿ ಪ್ರಕರಣ. ನಮ್ಮ ರಾಜ್ಯದ 2002ರ ಕುಟುಂಬ ಪಿಂಚಣಿ ನಿಯಮಗಳಲ್ಲೂ ಎರಡನೆಯ ಹೆಂಡತಿಗೆ ಜಾಗವಿಲ್ಲ ಎಂದು 2023ರಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು. ಆ ಸುದ್ದಿಯ ಪೇಪರನ್ನು ಗುಮಾಸ್ತ ನನಗಾಗಿ ಎತ್ತಿಟ್ಟಿದ್ದ. "ಇನ್ನ ನಿಮ್ಮದ ಗೆದ್ದಂಗ ಬಿಡ್ರಿ" ಎಂದ.

ಗೆದ್ದಂತೆಯೇ ಇತ್ತು, ಟ್ರಂಕಿನ ತಳದಲ್ಲಿದ್ದ ಕಾಗದವೊಂದನ್ನು ಬಿಟ್ಟರೆ. ಅದು ಊರ್ಜಿತವಾದರೆ 1997ರಲ್ಲೇ ನಾನು ಹೆಂಡತಿಯಲ್ಲ. ಬಿಡುಗಡೆಯಾದವಳಿಗೆ ಪಿಂಚಣಿಯಿಲ್ಲ, ಆಮೇಲೆ ಕಟ್ಟಿಸಿಕೊಂಡವಳೇ ಹೆಂಡತಿ. ಊರ್ಜಿತವಾಗದಿದ್ದರೆ ನಾನು ಇಷ್ಟು ವರ್ಷವೂ ಅವರ ಹೆಂಡತಿಯೇ, ಆಕೆ ಏನೂ ಅಲ್ಲ. ನೀವೇ ಹೇಳಿ, ಊರೆಲ್ಲ "ಬಿಟ್ಟಾಕಿ" ಎಂದು ಕರೆದ ನಾನು ಈಗ ಹೋಗಿ, ನನ್ನನ್ನು ಬಿಟ್ಟೇ ಇರಲಿಲ್ಲ ಎಂದು ರುಜುವಾತು ಮಾಡಬೇಕು!

ಆ ಚಳಿಗಾಲದಲ್ಲೇ ಒಂದು ದಿನ ಆಕೆ ಬೆಂಚಿಗೆ ಬಂದು ಕೂತಳು. ಗುರುತು ಹೇಳಬೇಕಾಗಿರಲಿಲ್ಲ, ಮಗನ ಹಣೆ ಅವರದೇ. ಬಹಳ ಹೊತ್ತಿನ ಮೇಲೆ, "ಅಕ್ಕಾರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವರ ಕಡೆ ಇದ್ದ ಸೋಡಚೀಟಿ ಸಿಗವಲ್ದು. ನಿಮ್ಮ ಕಡೆ ಐತೇನ್ರಿ?" ಎಂದಳು.

ಎರಡು ವರ್ಷ ಅವರು ಹಾಸಿಗೆ ಹಿಡಿದಿದ್ದರಂತೆ. ಉಚ್ಚೆ, ಹೇಲು ಬಳಿದದ್ದು ಆಕೆ. ವಿಜಯಪುರದ ಆಸ್ಪತ್ರೆಗೆಂದು ಕಿವಿಯಲ್ಲಿದ್ದದ್ದನ್ನು ಮಾರಿದ್ದಳು, ತೂತಿನಲ್ಲಿ ಬೇವಿನ ಕಡ್ಡಿ ಇತ್ತು. ಕಾನೂನಿನ ಕಣ್ಣಿಗೆ ಇದು ಕಾಣುವುದಿಲ್ಲ. ಕಾಣಬೇಕೋ ಬೇಡವೋ ತಿಳಿದವರು ಹೇಳಲಿ. ನನಗೆ ಕಂಡಿತು, ಅಷ್ಟೇ. ಆಕೆಯ ಮೇಲೆ ನನಗೆ ಪ್ರೀತಿಯೇನೂ ಉಕ್ಕಲಿಲ್ಲ. "ಮನ್ಯಾಗ ಹುಡುಕ್ತೀನಿ" ಎಂದು ಎದ್ದು ಬಂದೆ.

ಹುನಗುಂದದಿಂದ ಮಗಳು ಫೋನಿನಲ್ಲಿ, "ಯವ್ವಾ, ಅದನ್ನ ಒಲಿಗಿ ಹಾಕು, ನಿನಗ ಹುಚ್ಚೇನು?" ಎಂದು ಅತ್ತಳು. ವಕೀಲರು, "ಕಾಗದ ತಂದುಕೊಡೋದು ನಿಮ್ಮ ಕೆಲಸ ಅಲ್ರಿ" ಎಂದರು. ಇಬ್ಬರದೂ ಸರಿ. ಒಲೆ ಎದುರಿಗೇ ಇತ್ತು, ಉರಿಯುತ್ತಲೂ ಇತ್ತು. ಕಾಗದ ಬಿಚ್ಚಿ ನೋಡಿದೆ. ಅಪ್ಪನ ಸಹಿ ನಡುಗಿದೆ. ಅಪ್ಪ ಆಗ ಇನ್ನೂ ಗಟ್ಟಿಮುಟ್ಟಾಗಿದ್ದ, ಕೈ ನಡುಗುವ ವಯಸ್ಸಲ್ಲ. ಹೆಸರುಗಳನ್ನು ಒಂದೊಂದಾಗಿ ಓದುತ್ತಾ ಬಂದೆ. ನನ್ನ ಹೆಸರು ಒಳಗೆ ನಾಲ್ಕು ಸಲ ಬಂದಿತ್ತು, ಕೆಳಗೆ ಒಮ್ಮೆಯೂ ಇರಲಿಲ್ಲ.

ಮರುದಿನ ಕಾಗದವನ್ನು ಗುಮಾಸ್ತನ ಮೇಜಿನ ಮೇಲಿಟ್ಟೆ. ಜೊತೆಗೆ ಬಿಳಿ ಹಾಳೆಯಲ್ಲಿ ನನ್ನ ಕೈಯಾರೆ ಬರೆದದ್ದು: "ಇದು ನನ್ನ ಮನೆಯಲ್ಲಿತ್ತು. ಮೊದಲು ನೆನಪಿಲ್ಲ ಎಂದದ್ದು ಸುಳ್ಳು. ಇದರ ಮೇಲೆ ನನ್ನ ಸಹಿ ಇಲ್ಲ, ನನ್ನನ್ನು ಯಾರೂ ಕೇಳಿಲ್ಲ. ಹುಡುಗನ ಪಾಲು ಅವನಿಗೆ ಕೊಡಲು ನನ್ನ ತಕರಾರಿಲ್ಲ." ಅವನು ಎರಡು ಸಲ ಓದಿ, ತಲೆ ಕೆರೆದುಕೊಂಡು, "ಇದನ್ನ ಯಾವ ಕಾಲಂನಾಗ ಹಾಕಲ್ರಿ ಅಮ್ಮಾರ?" ಎಂದ.

ಅಂದಿನಿಂದ ಫೈಲಿಗೆ ಮತ್ತೆ ಕಾಲು ಬಂತು. ವಿಜಯಪುರಕ್ಕೆ ಹೋಯಿತು, ಬೆಂಗಳೂರಿಗೆ ಹೋಯಿತು, ಆಕ್ಷೇಪಣೆ ಹೊತ್ತು ವಾಪಸ್ ಬಂತು, ಮತ್ತೆ ಹೋಯಿತು. ಮಕ್ಕಳ ಪಾಲಿಗೆ ವಯಸ್ಸಿನ ಮಿತಿಯಿದೆ. ಹುಡುಗ ಬೆಳೆಯುತ್ತಿದ್ದಾನೆ. ಫೈಲೂ ಬೆಳೆಯುತ್ತಿದೆ, ದಪ್ಪಕ್ಕೆ ಮಾತ್ರ.

ಒಮ್ಮೆ ಬೇಸರ ಹತ್ತಿ ತಂಗಡಗಿಗೆ ಹೋಗಿ ಕೃಷ್ಣೆಯ ದಂಡೆಯ ನೀಲಮ್ಮನ ಗುಡಿಯಲ್ಲಿ ಕೂತು ಬಂದೆ. ಬಸವಣ್ಣನ ಹೆಂಡತಿ ಸಂಗಮಕ್ಕೆ ಹೋಗದೆ ಅಲ್ಲೇ ಐಕ್ಯಳಾದಳು ಎನ್ನುತ್ತಾರೆ. ಬೇಡಿಕೊಳ್ಳಲು ಏನೂ ಹೊಳೆಯಲಿಲ್ಲ. ನೆರಳಿತ್ತು, ಗಾಳಿಯಿತ್ತು, ಅಷ್ಟೇ ಸಾಕೆನಿಸಿತು.

ಈಚೆಗೆ ಗುಮಾಸ್ತ ಕರೆಸಿ ಒಂದು ನಮೂನೆ ಕೊಟ್ಟ. ನಾನು ಮರುಮದುವೆಯಾಗಿಲ್ಲ ಎಂದು ಬರೆದುಕೊಡಬೇಕಂತೆ. ಪಕ್ಕದಲ್ಲಿದ್ದ ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನನಗೂ ನಗು ಬಂತು. ಗುಮಾಸ್ತ ಕೆಳಗೆ ಬೆರಳಿಟ್ಟು, "ಇಲ್ಲಿ ನಿಮ್ಮ ಸಹಿ ಬೇಕ್ರಿ" ಎಂದ. ಪೆನ್ನು ತೆಗೆದುಕೊಂಡು ಸಾವಕಾಶವಾಗಿ, ಪೂರ್ತಿ ಹೆಸರು ಬರೆದೆ.

"ಮುಂದಿನ ತಿಂಗಳು ಬರ್ರಿ" ಎಂದ. ಸಂಜೆಗೆ ಇನ್ನೂರು ರೊಟ್ಟಿಯ ಆರ್ಡರ್ ಇತ್ತು. ಆಕೆಗೆ ಹೇಳಿ ಬೆಂಚಿನಿಂದ ಎದ್ದೆ.