ಜಿಗಿಯೋಕೂ ರೇಸಿಗೂ ಒಂದೇ ಫ್ರೇಮ್

ಮಂಗಳೂರಿನ ಬಾಡಿಗೆ ಮನೇಲಿ ಎರಡು ಸೈಕಲ್‌ಗೆ ಜಾಗವಿಲ್ಲ. ಜಿಗಿಯೋಕೂ ರೇಸಿಗೂ ಒಂದೇ ಫ್ರೇಮ್ ಆಗಬೇಕು. ಹಾರ್ಡ್‌ಟೇಲ್‌ಗೆ ಸಸ್ಪೆನ್ಷನ್ ಮುಂದೆ ಮಾತ್ರ. ಹಿಂಚಕ್ರದ ಪೆಟ್ಟು ತಿನ್ನೋದು ಫ್ರೇಮು, ನಮ್ಮ ಮೊಣಕಾಲು.

ಜಿಗಿತದ ಫ್ರೇಮ್ ಗಿಡ್ಡ, ಗಟ್ಟಿ, ಸಾಮಾನ್ಯವಾಗಿ 26 ಇಂಚಿನ ಚಕ್ರ. ಸೀಟು ತಗ್ಗು, ಕೂತು ಗುಡ್ಡ ಹತ್ತೋದು ಕಷ್ಟ. ರೇಸಿನದು ಉದ್ದ, ಹಗುರ, 29 ಇಂಚು. ದೊಡ್ಡ ಜಿಗಿತಕ್ಕೆ ಮಾಡಿದ್ದಲ್ಲ. ಕಾರ್ಬನ್ ಮುರಕಲ್ಲಿನ ಏಟಿಗೆ ಬಿರುಕು ಬಿಡಬಹುದು. ಸ್ಟೀಲು ತಾಳುತ್ತೆ, ಆದ್ರೆ ನಮ್ಮ ಮಳೆ, ಕಡಲ ಗಾಳಿಗೆ ಬಣ್ಣ ಕಿತ್ತಲ್ಲೆಲ್ಲ ತುಕ್ಕು.

ನಾನು ಆರಿಸಿದ್ದು ಅಲ್ಯೂಮಿನಿಯಂ ಟ್ರೇಲ್ ಫ್ರೇಮ್. ಏರಿನಲ್ಲಿ ನಾಲ್ಕು ಜನ ಮುಂದೆ ಹೋಗ್ತಾರೆ, ಹೋಗ್ಲಿ. ಊರಲ್ಲಿ ಮೂಟೆ ಹೇರೋ ಸೈಕಲ್ ಕೊಳ್ಳುವಾಗ ಅಪ್ಪ ಕೇಳಿದ್ದು ಇಷ್ಟೇ: ‘ತಡೆಯುತ್ತಾ?’ ನನ್ನ ಪ್ರಶ್ನೆಯೂ ಅದೇ. ಸೋಮವಾರ ಕೋಡ್ ಬರೆಯೋಕೆ ಎರಡೂ ಕೈ ಬೇಕಲ್ಲ!