ಕೋವಿ ಕೊಳ್ಳುವ ಶಾಸ್ತ್ರ

ಗಡಿಯಾರ ಕೊಳ್ಳುವುದು, ಸೈಕಲ್ಲು ಕೊಳ್ಳುವುದು, ಹೆಣ್ಣಿಗೆ ಗಂಡು ನೋಡುವುದು - ಈ ಮೂರು ವಿಷಯಗಳಲ್ಲಿ ನನ್ನ ಸಲಹೆ ಕೇಳಲು ಬರುತ್ತಿದ್ದವರ ಸಂಖ್ಯೆ ಒಂದು ಕಾಲಕ್ಕೆ ಕಡಮೆಯೇನೂ ಇರಲಿಲ್ಲ. ಗಡಿಯಾರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಳೆದವನಿಗೆ ಮೊದಲನೆಯದರಲ್ಲಿ ಅಧಿಕಾರವುಂಟು; ಎರಡನೆಯದರಲ್ಲಿ ಅನುಭವವುಂಟು; ಮೂರನೆಯದರಲ್ಲಿ ಎರಡೂ ಇಲ್ಲ, ಆದರೂ ಜನ ಕೇಳುವುದನ್ನು ಬಿಡಲಿಲ್ಲ. ಕೋವಿ ಕೊಳ್ಳುವ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳುವವರೂ ಹುಟ್ಟಿಯಾರೆಂದು ಮಾತ್ರ ನಾನು ಎಣಿಸಿರಲಿಲ್ಲ. ಕೇಳಿದವರು ನಮ್ಮ ಅಳಿಯಂದಿರು.

ಅವರಿರುವುದು ಅಮೆರಿಕದ ಟೆಕ್ಸಸ್ ಪ್ರಾಂತದ ಆಸ್ಟಿನ್ ನಗರದ ಹೊರವಲಯದಲ್ಲಿ. ಕಂಪ್ಯೂಟರಿನ ಕೆಲಸ. ಕೆಲಸದ ವೀಸಾದಲ್ಲಿ ಹೋದವರಿಗೆ ಅಲ್ಲಿ ಸಾಮಾನ್ಯವಾಗಿ ಬಂದೂಕು ಕೊಳ್ಳಲಾಗದು; ಗ್ರೀನ್ ಕಾರ್ಡು ಬಂದ ಮೇಲೆ ಕೊಳ್ಳಬಹುದು. ಅಳಿಯಂದಿರಿಗೆ ಕಾರ್ಡು ಬಂದಿತ್ತು. ಅದೇ ಸುಮಾರಿನಲ್ಲಿ ಹಿಂದಿನ ಬೀದಿಯ ಒಂದು ಮನೆಗೆ ಕಳ್ಳರೂ ಬಂದಿದ್ದರು. ಎರಡೂ ಕೂಡಿಕೊಂಡು ಅವರ ಮನಸ್ಸಿನಲ್ಲಿ ಒಂದು ಯೋಚನೆ ಮೊಳೆತಿತ್ತು. ನಾವು ದಂಪತಿಗಳು ಆರು ತಿಂಗಳ ಮಟ್ಟಿಗೆ ಹೋಗಿ ಇಳಿದ ಎರಡನೆಯ ವಾರದಲ್ಲೇ, “ಮಾವ, ನೀವು ಯಂತ್ರ ಬಲ್ಲವರು. ಒಂದು ಸಲ ನನ್ನ ಜೊತೆ ಅಂಗಡಿಗೆ ಬನ್ನಿ” ಎಂದರು. ಒಳಗೆ ಪಾತ್ರೆ ತೊಳೆಯುತ್ತಿದ್ದ ಮಗಳು ಏನೂ ಮಾತನಾಡಲಿಲ್ಲ. ಪಾತ್ರೆಗಳು ಮಾತನಾಡಿದವು.

ಅಂಗಡಿ ನಮ್ಮ ಕಡೆಯ ಕಲ್ಯಾಣಮಂಟಪದಷ್ಟಿತ್ತು. ಗೋಡೆಯುದ್ದಕ್ಕೂ ಕೋವಿಗಳು, ಕೊಡೆಗಳನ್ನು ನಿಲ್ಲಿಸಿದಂತೆ. ಅಂಗಡಿಯಾತ ತುಂಬಾ ಸಭ್ಯ. “ಯಾವ ಆಪರೇಟಿಂಗ್ ಸಿಸ್ಟಂ ನೋಡುತ್ತೀರಿ?” ಎಂದು ಅವನು ಕೇಳಿದಾಗ ಅಳಿಯಂದಿರು ಬಾಯಿತಪ್ಪಿ “ಲಿನಕ್ಸ್” ಎಂದುಬಿಟ್ಟರು. ಪಾಪ, ಹದಿನೈದು ವರ್ಷದಿಂದ ಆ ಮಾತಿಗೆ ಅವರಿಗೆ ಒಂದೇ ಅರ್ಥ.

ಕೋವಿಯ ಲೋಕದಲ್ಲಿ ಅದರ ಅರ್ಥ ಬೇರೆ. ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು ಹೋಗಬೇಕು. ಆದರೆ ಖಾಲಿ ತೋಟಾವನ್ನು ಹೊರಗೆಸೆದು ಹೊಸದನ್ನು ಒಳಗೆ ಕೂರಿಸುವ ಕೆಲಸ ತಾನಾಗಿಯೇ ನಡೆಯಬೇಕು. ಅರೆ-ಸ್ವಯಂಚಾಲಿತ ಎನ್ನುವುದು ಇದಕ್ಕೇ. ಆ ಕೆಲಸಕ್ಕೆ ಬಲ ಎಲ್ಲಿಂದ ಬರಬೇಕು? ಗುಂಡನ್ನು ತಳ್ಳಿದ ಮದ್ದಿನ ಹೊಗೆಯಿಂದಲೇ. ನಳಿಗೆಯಲ್ಲಿ ಒಂದು ಸಣ್ಣ ತೂತು ಕೊರೆದಿರುತ್ತಾರೆ. ಗುಂಡು ಅದನ್ನು ದಾಟಿದೊಡನೆ ಹೊಗೆಯಲ್ಲಿ ಒಂದಂಶ ಆ ತೂತಿನಿಂದ ನುಗ್ಗುತ್ತದೆ. ಆ ಮೇಲೆ ಅದನ್ನು ಹೇಗೆ ದುಡಿಸಿಕೊಳ್ಳಬೇಕೆಂಬ ವಿಷಯದಲ್ಲಿ ಮತಭೇದ. ದ್ವೈತಾದ್ವೈತಗಳಿಗೇನೂ ಕಡಮೆಯಿಲ್ಲದ ಮತಭೇದ.

ಒಂದು ಪಂಥದಲ್ಲಿ ಹೊಗೆ ಒಂದು ಉದ್ದನೆಯ ಪಿಸ್ಟನ್ನನ್ನು ತಳ್ಳುತ್ತದೆ; ಅದು ಒಳಗಿನ ಬೋಲ್ಟಿನ ವಾಹಕಕ್ಕೆ ಕೂಡಿಕೊಂಡೇ ಇದ್ದು, ಹಿಂದಕ್ಕೂ ಮುಂದಕ್ಕೂ ಜೊತೆಯಲ್ಲೇ ಓಡಾಡುತ್ತದೆ. 1936ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಗ್ಯಾರಂಡ್ ರೈಫಲ್ಲು ಹೀಗೆ. ರಷ್ಯದ ಕಲಾಶ್ನಿಕೋವನ ಬಂದೂಕೂ ಹೀಗೆ. ಎರಡನೆಯ ಪಂಥದಲ್ಲಿ ಪಿಸ್ಟನ್ನು ಒಂದು ಏಟು ಕೊಟ್ಟು ನಿಂತುಬಿಡುತ್ತದೆ, ಕೇರಂ ಬೋರ್ಡಿನ ಸ್ಟ್ರೈಕರಿನಂತೆ. ಉಳಿದ ಹಾದಿಯನ್ನು ವಾಹಕ ಆ ಏಟಿನ ಜೋರಿನಲ್ಲೇ ಓಡಬೇಕು. ಬೆಲ್ಜಿಯಂ ದೇಶದ ಫಾಲ್ ರೈಫಲ್ಲು ಈ ಜಾತಿಯದು. 1962ರಲ್ಲಿ ನಮ್ಮ ಯೋಧರು ಹಿಮಾಲಯದ ಚಳಿಯಲ್ಲಿ, ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ ಹಳೆಯ ತ್ರೀ ನಾಟ್ ತ್ರೀ ಹಿಡಿದು ಕಾದಿದರಷ್ಟೆ. ಅದರ ನಂತರದ ವರ್ಷಗಳಲ್ಲಿ ಇಷಾಪುರದ ಕಾರ್ಖಾನೆಯಲ್ಲಿ ತಯಾರಾಗಿ ಅವರ ಕೈಗೆ ಬಂದದ್ದು ಈ ಫಾಲ್ ರೈಫಲ್ಲಿನ ನಮ್ಮ ಅವತಾರ. ನಮ್ಮ ಬೀದಿಯ ನಿವೃತ್ತ ಸುಬೇದಾರರೊಬ್ಬರು ಇಂದಿಗೂ ಅದನ್ನು ಮೊದಲ ಹೆಂಡತಿಯನ್ನು ನೆನೆದಂತೆ ನೆನೆಯುತ್ತಾರೆ.

ಮೂರನೆಯದು ಯೂಜೀನ್ ಸ್ಟೋನರ್ ಎಂಬ ಅಮೆರಿಕನ್ನನದು. ಇವನು ಪಿಸ್ಟನ್ನಿನ ಕೋಲನ್ನೇ ತೆಗೆದುಹಾಕಿದ. ಒಂದು ಸಣ್ಣ ಕೊಳವೆಯ ಮೂಲಕ ಹೊಗೆಯನ್ನು ನೇರವಾಗಿ ಹಿಂದಕ್ಕೆ ತಂದು ವಾಹಕದೊಳಗೇ ಬಿಟ್ಟ. ವಾಹಕವೇ ಸಿಲಿಂಡರು, ಬೋಲ್ಟೇ ಪಿಸ್ಟನ್ನು. 1960ರಲ್ಲಿ ಅವನಿಗೆ ಪೇಟೆಂಟು ದೊರೆಯಿತು. ಎ.ಆರ್.-15 ಎಂದು ಲೋಕಕ್ಕೆಲ್ಲ ಗೊತ್ತಾದ ಕೋವಿಯ ಹೃದಯ ಇದೇ. (ಎ.ಆರ್. ಎಂದರೆ ಅದನ್ನು ರೂಪಿಸಿದ ಆರ್ಮಲೈಟ್ ಕಂಪನಿಯ ಹೆಸರು. ಬೇರೆ ಅರ್ಥ ಹೇಳುವವರು ಬಹಳ.) ಅಂಗಡಿಯಾತ ಅದನ್ನು ಬಿಚ್ಚಿ ಬಟ್ಟೆಯ ಮೇಲೆ ಹರಡಿದಾಗ ನಾನು ಕನ್ನಡಕ ಒರಸಿಕೊಂಡು ನೋಡಿದೆ. ಎರಡು ಕೆಲಸ ಮಾಡದ ಒಂದು ಭಾಗವೂ ಅದರಲ್ಲಿಲ್ಲ. ಭಾರ ಕಡಮೆ, ಚಲನೆಯೆಲ್ಲ ನಳಿಗೆಯ ನೇರಕ್ಕೇ. ಗಡಿಯಾರದವನಿಗೆ ಅದನ್ನು ಚೆಲುವು ಎನ್ನದೆ ಬೇರೆ ಹೆಸರಿಲ್ಲ. ಚೆಲುವಾಗಿತ್ತು, ಹೇಳಲೇಬೇಕು.

ಆದರೆ ಅದರ ಸಂಕಟವೂ ಅಲ್ಲೇ ಇದೆ. ಹೊಗೆ ಒಳಗೇ ಬರುತ್ತದಾದ್ದರಿಂದ ಮಸಿಯೂ ಬಿಸಿಯೂ ಒಳಗೇ ಬರುತ್ತವೆ; ಒಲೆಯ ಹೊಗೆಗೂಡನ್ನು ದೇವರ ಮನೆಗೆ ತೆರೆದಿಟ್ಟಂತೆ. ವಿಯಟ್ನಾಂ ಯುದ್ಧದಲ್ಲಿ ಇದರ ಸೈನಿಕ ರೂಪವಾದ ಎಂ-16 ಕಾಡಿಗೆ ಹೋಯಿತು. ಇದಕ್ಕೆ ಶುಚಿಮಾಡುವ ಗೋಜೇ ಇಲ್ಲವೆಂಬ ಮಾತು ಹಬ್ಬಿತ್ತು. ಒರಸುವ ಸಾಮಾನೂ ಸಾಕಷ್ಟು ಕಳಿಸಲಿಲ್ಲ. ನಡುವೆ ತೋಟಾದ ಮದ್ದನ್ನು ಬದಲಾಯಿಸಿದ್ದರು. ತೋಟಾ ಕೂರುವ ಗೂಡಿಗೆ ಕ್ರೋಮಿಯಂ ಲೇಪವಿರಲಿಲ್ಲ. ಖಾಲಿ ತೋಟಾ ಒಳಗೆ ಕಚ್ಚಿಕೊಂಡರೆ ನಳಿಗೆಯ ಬಾಯಿಂದ ಸಲಾಕೆ ತೂರಿಸಿ ಹೊರಗೆ ನೂಕಬೇಕು; ಎದುರಾಳಿ ಅಷ್ಟು ಹೊತ್ತು ಕಾಯುತ್ತಾನೆಯೆ? ಹಾಗೆ ಸಲಾಕೆ ಹಿಡಿದಿದ್ದಾಗಲೇ ಎಷ್ಟೋ ಹುಡುಗರು ಸತ್ತರು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ವಿಚಾರಣೆ ನಡೆಸಿ ಸೇನೆಯವರಿಗೆ ಚೆನ್ನಾಗಿ ಛೀಮಾರಿ ಹಾಕಿತು. ಲೇಪ ಬಂತು, ಒರಸುವ ಸಾಮಾನು ಬಂತು, ಬಂದೂಕು ಸುಧಾರಿಸಿತು. ಹುಡುಗರು ಬರಲಿಲ್ಲ.

ಕಲಾಶ್ನಿಕೋವನ ಮಾರ್ಗ ಇದಕ್ಕೆ ತಿರುಗು. ಅವನು ಬಿಡಿಭಾಗಗಳ ನಡುವೆ ಬೇಕೆಂದೇ ಸಡಿಲ ಬಿಟ್ಟ: ಮಣ್ಣು ಬಿದ್ದರೂ ಓಡಲಿ, ಒರಸದಿದ್ದರೂ ಓಡಲಿ. ಒಂದು ಕೂದಲೆಳೆಯಷ್ಟು ಸಡಿಲವಿದ್ದರೂ ಕೈಗಡಿಯಾರದ ಚಕ್ರವನ್ನು ಪಕ್ಕಕ್ಕೆಸೆಯುತ್ತಿದ್ದ ನನಗೆ, ಸಡಿಲವನ್ನೇ ಗುಣವೆಂದು ಎಣಿಸುವ ಶಿಲ್ಪ ಇದ್ದೀತೆಂದು ನಂಬಲು ಎರಡು ದಿನ ಬೇಕಾಯಿತು. ಈ ಇಬ್ಬರೂ ಮುದುಕರಾದ ಮೇಲೆ, 1990ರಲ್ಲಿ, ಅಮೆರಿಕದಲ್ಲಿ ಭೇಟಿಯಾದರು. ಒಬ್ಬನಿಗೆ ಪೇಟೆಂಟಿನ ಹಣ ಬಂದಿತ್ತು, ಇನ್ನೊಬ್ಬನಿಗೆ ಪದಕಗಳು. ಕಲಾಶ್ನಿಕೋವ್ ತೀರಿಕೊಂಡದ್ದು 2013ರಲ್ಲಿ. ಕೊನೆಗಾಲದಲ್ಲಿ ಅವನು ತನ್ನ ದೇಶದ ಧರ್ಮಗುರುಗಳಿಗೆ ಒಂದು ಕಾಗದ ಬರೆದಿದ್ದ. ತನ್ನ ಬಂದೂಕು ತೆಗೆದ ಜೀವಗಳಿಗೆ ತಾನೂ ಹೊಣೆಯೋ ಎಂಬುದು ಅದರಲ್ಲಿ ಅವನ ಪ್ರಶ್ನೆ.

ಅಳಿಯಂದಿರು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿದ್ದರು. ಅಡ್ಡಸಾಲಿನಲ್ಲಿ ಮಾದರಿಗಳು: ಸ್ಟೋನರ್ ಪದ್ಧತಿಯದು, ಅದಕ್ಕೇ ಪಿಸ್ಟನ್ ಕೂರಿಸಿದ್ದು, ಕಲಾಶ್ನಿಕೋವ್ ವಂಶದ್ದು, ಗ್ಯಾರಂಡಿನ ಮೊಮ್ಮಗನೆನ್ನಬಹುದಾದ ರೂಗರ್ ಕಂಪನಿಯ ಮಿನಿ-14. ಉದ್ದಸಾಲಿನಲ್ಲಿ ತೂಕ, ಬೆಲೆ, ಗುರಿ, ಬಿಡಿಭಾಗ. ಪಿಸ್ಟನ್ ಕೂರಿಸಿದ್ದು ಶುಚಿಯಾಗಿರುತ್ತದೆ, ಆದರೆ ಭಾರ ಹೆಚ್ಚು, ಬೆಲೆ ಹೆಚ್ಚು, ಒಂದು ಕಂಪನಿಯ ಬಿಡಿಭಾಗ ಇನ್ನೊಂದಕ್ಕೆ ಹೊಂದುವುದು ನೆಚ್ಚಿಕೆಯಿಲ್ಲ. ಸ್ಟೋನರನದಕ್ಕೆ ಬಿಡಿಭಾಗ ಎಲ್ಲೆಲ್ಲೂ ಸಿಗುತ್ತದೆ. ಎಣ್ಣೆ ಹಾಕಿ ಒರಸುವವನಿಗೆ ಅದೇ ಸಾಕು. ಭಾನುವಾರ ಮೈದಾನಕ್ಕೆ ಹೋಗಿ ಕಾಗದಕ್ಕೆ ಗುರಿಯಿಡುವುದಾದರೆ ಅದನ್ನೇ ಕೊಳ್ಳಿ ಎಂದೆ. ಯಂತ್ರದ ಮಟ್ಟಿಗೆ ನನ್ನ ತೀರ್ಪು ಇಂದಿಗೂ ಅದೇ.

“ಮನೆಗೆ, ಮಾವ?”

ಆ ಊರಿನ ಮನೆಗಳ ಒಳಗೋಡೆಯನ್ನು ನೀವು ನೋಡಿರಬೇಕು. ಮರದ ಚೌಕಟ್ಟಿನ ಎರಡು ಕಡೆಗೂ ಅರ್ಧ ಅಂಗುಲದ ಜಿಪ್ಸಂ ಹಲಗೆ, ನಡುವೆ ಗಾಳಿ. ಬೆರಳಲ್ಲಿ ತಟ್ಟಿದರೆ ಡೋಲಿನಂತೆ ಸದ್ದು. ಈ ಕೋವಿಯ ಗುಂಡಿನ ತೂಕ ನಾಲ್ಕು ಗ್ರಾಮೂ ಇಲ್ಲ. ವೇಗ ಸೆಕೆಂಡಿಗೆ 900 ಮೀಟರಿಗೂ ಮಿಗಿಲು. ಅದಕ್ಕೆ ಅಂಥ ಗೋಡೆ ಒಂದಾದರೇನು, ಎರಡಾದರೇನು? ನಾನು ಟೇಪು ಹಿಡಿದು ಅಳೆದೆ. ಅಳಿಯಂದಿರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ಮುಂಬಾಗಿಲ ಕಡೆ ಗುರಿಯಿಟ್ಟರೆ, ಆ ನೇರದಲ್ಲಿ, ಒಂಬತ್ತು ಅಡಿ ಆಚೆ, ಗೋಡೆಯ ಹಿಂದೆ ಮೊಮ್ಮಗಳ ಮಂಚ. ಚೀಟಿಯ ಮೇಲೆ ನಕ್ಷೆ ಬರೆದು ಅವರ ಕೈಗೆ ಕೊಟ್ಟೆ. ಯಾವ ಆಪರೇಟಿಂಗ್ ಸಿಸ್ಟಮ್ಮೂ ಈ ನಕ್ಷೆಯನ್ನು ಬದಲಾಯಿಸುವುದಿಲ್ಲ ಎಂದೆ. ಅವರು ಬಹಳ ಹೊತ್ತು ನೋಡಿದರು. “ಮಂಚವನ್ನು ಸರಿಸಬಹುದು” ಎಂದರು. ಎಂಜಿನಿಯರಲ್ಲವೆ!

ಮಗಳು ಪಟ್ಟಿಯನ್ನೂ ನೋಡಲಿಲ್ಲ, ನಕ್ಷೆಯನ್ನೂ ನೋಡಲಿಲ್ಲ. ಅವಳಿಗೆ ಬೇಕಾದ ಲೆಕ್ಕ ಬೇರೆಯಿತ್ತು. ಅವರ ಮನೆಯಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ಹಾದಿ ಯುವಾಲ್ಡೆ ಎಂಬ ಸಣ್ಣ ಊರು. 2022ರ ಮೇ 24ರಂದು ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಹತ್ತೊಂಬತ್ತು ಮಕ್ಕಳನ್ನೂ ಇಬ್ಬರು ಉಪಾಧ್ಯಾಯಿನಿಯರನ್ನೂ ಕೊಂದವನಿಗೆ ಹದಿನೆಂಟು ತುಂಬಿ ಕೆಲವೇ ದಿನಗಳಾಗಿದ್ದವು. ಅವನು ಅರ್ಜಿ ತುಂಬಿ, ಕಾನೂನಿನಂತೆಯೇ ಕೊಂಡಿದ್ದ ಕೋವಿ ಸ್ಟೋನರನ ಮಾದರಿಯದು. ನಾನು ಕನ್ನಡಕ ಒರಸಿಕೊಂಡು ನೋಡಿದ್ದ ಮಾದರಿ. ಮೊಮ್ಮಗಳ ಶಾಲೆಯಲ್ಲಿ ಆಗಾಗ ದೀಪ ಆರಿಸಿ, ಬಾಗಿಲಿಗೆ ಅಗಳಿ ಹಾಕಿ, ಮಕ್ಕಳನ್ನು ಮೂಲೆಯಲ್ಲಿ ಕೂರಿಸುವ ಅಭ್ಯಾಸವುಂಟು. ಆರು ವರ್ಷದ ಅವಳು ಒಂದು ಸಂಜೆ ನನಗೂ ಅದನ್ನು ಕಲಿಸಿದಳು. ಅಜ್ಜಿಯ ಸೀರೆ ತೂಗುಹಾಕಿದ್ದ ಬೀರುವಿನ ಪಕ್ಕದಲ್ಲಿ ನನ್ನನ್ನು ಕೂರಿಸಿ, ತುಟಿಯ ಮೇಲೆ ಬೆರಳಿಟ್ಟು, “ತಾತ, ಕೆಮ್ಮಬಾರದು” ಎಂದಳು. ನನಗೆ ಹಳೆಯ ಕೆಮ್ಮು. ತಡೆದುಕೊಂಡು ಕೂತೆ.

ಅಳಿಯಂದಿರು ಕೆಟ್ಟವರಲ್ಲ, ಅಂಜಿದವರು. ಮಡಿಕೇರಿಯಲ್ಲಿ ನನ್ನ ಸ್ನೇಹಿತರ ಮನೆಯಲ್ಲಿ ಕೈಲ್‌ಪೊಳ್ದಿನ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವುದನ್ನು ನಾನೂ ನೋಡಿದ್ದೇನೆ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನ ವಿನಾಯಿತಿಯೂ ಉಂಟು. ಆದರೆ ಅಲ್ಲಿ ಕೋವಿ ಮನೆತನದ ಸಂಗತಿ, ಹಿರಿಯರ ಕಣ್ಣಿನಡಿಯಲ್ಲಿ ಇರುವಂಥದು. ಇಲ್ಲಿ ಅದು ಒಬ್ಬೊಬ್ಬರ ಅಂಜಿಕೆಯ ಸಂಗತಿ. ಪಕ್ಕದ ಮನೆಯವರಲ್ಲಿ ಇದೆಯೆಂದು ಇವರಿಗೆ ಬೇಕು. ಇವರು ತಂದರೆ ಎದುರು ಮನೆಯವರಿಗೆ ಬೇಕಾದೀತು.

ನಾವು ಹೊರಡುವವರೆಗೆ ಕೊಂಡಿರಲಿಲ್ಲ. ಹೋದ ತಿಂಗಳು ಮಗಳು ನಾಯಿಯೊಂದನ್ನು ತಂದಳಂತೆ; ದೊಡ್ಡ ಜಾತಿಯದೇ, ಗಂಟಲೂ ದೊಡ್ಡದು. ಪಟ್ಟಿ ಏನಾಯಿತೆಂದು ನಾನು ಫೋನಿನಲ್ಲಿ ಅಳಿಯಂದಿರನ್ನು ಕೇಳಿದೆ. ಅಳಿಸಿಲ್ಲ ಎಂದರು. ಈಗ ಅದರಲ್ಲಿ ಗೋಡೆಯ ದಪ್ಪಕ್ಕೂ ಒಂದು ಕಾಲಂ ಹಾಕಿದ್ದಾರಂತೆ.