ಗ್ಯಾಂಬಿಯರ್ ಗುಡ್ಡದ ಮೇಲೊಂದು ಕತೆಯ ತರಗತಿ

ಅಮೆರಿಕದ ಕಾಲೇಜು ಎಂದರೆ ನಿಮ್ಮ ಕಣ್ಣ ಮುಂದೆ ದೊಡ್ಡ ನಗರ, ಎತ್ತರದ ಕಟ್ಟಡಗಳು ಬರಬಹುದು. ನಾನೂ ಹಾಗೆಯೇ ತಿಳಿದಿದ್ದೆ. 2023ರ ಅಕ್ಟೋಬರ್‌ನಲ್ಲಿ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಅವನ ಮಗಳು ಓದುವ ಕೆನ್ಯನ್ ಕಾಲೇಜು ಅಲ್ಲಿಂದ ಸುಮಾರು 80 ಕಿಲೋಮೀಟರ್. ದಾರಿಯುದ್ದಕ್ಕೂ ಮೆಕ್ಕೆಜೋಳದ ಹೊಲಗಳು. ಕೊನೆಗೊಂದು ಗುಡ್ಡ, ಅದರ ಮೇಲೆ ಗ್ಯಾಂಬಿಯರ್ ಎಂಬ ಹಳ್ಳಿ. ಊರೆಂದರೆ ಕಾಲೇಜು, ಕಾಲೇಜೆಂದರೆ ಊರು.

1824ರಲ್ಲಿ ಸ್ಥಾಪನೆಯಾದ ಈ ಕಾಲೇಜಿಗಾಗಿ ಫಿಲಾಂಡರ್ ಚೇಸ್ ಎಂಬ ಬಿಷಪ್ ಇಂಗ್ಲೆಂಡಿನವರೆಗೂ ಹೋಗಿ ಚಂದಾ ಎತ್ತಿದ್ದರು. ನಮ್ಮ ಮದ್ರಸಗಳಿಗೆ ಚಂದಾ ಎತ್ತಿದವರಿಗೆ ಆ ಕಷ್ಟ ಗೊತ್ತು! ಹಣ ಕೊಟ್ಟ ಲಾರ್ಡ್ ಕೆನ್ಯನ್, ಲಾರ್ಡ್ ಗ್ಯಾಂಬಿಯರ್ ಅವರ ಹೆಸರು ಕಾಲೇಜಿಗೂ ಊರಿಗೂ ಉಳಿದಿದೆ. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು ಮಾತ್ರ 1969ರಲ್ಲಿ. ಈಗಲೂ ವಿದ್ಯಾರ್ಥಿಗಳು ಎರಡು ಸಾವಿರಕ್ಕಿಂತ ಕಡಿಮೆ. ಮಧ್ಯದಲ್ಲಿ ಜಲ್ಲಿ ಹಾಸಿದ ಒಂದೇ ನೇರ ಕಾಲುದಾರಿ, ಎರಡೂ ಬದಿ ಮರಗಳು. ದಿನಕ್ಕೆ ಹತ್ತು ಸಲ ಎಲ್ಲರೂ ಅಲ್ಲೇ ಎದುರಾಗುತ್ತಾರೆ.

ಹುಡುಗಿ ಓದುವುದು ಇಂಗ್ಲಿಷ್ ಸಾಹಿತ್ಯ, ಅದರಲ್ಲೂ ಕತೆ ಬರೆಯುವ ಪಾಠ. 'ಕೆನ್ಯನ್ ರಿವ್ಯೂ' ಎಂಬ ಹೆಸರಾಂತ ಸಾಹಿತ್ಯ ಪತ್ರಿಕೆಯನ್ನು ಕವಿ ಜಾನ್ ಕ್ರೋ ರ‍್ಯಾನ್ಸಮ್ 1939ರಲ್ಲಿ ಆರಂಭಿಸಿದ್ದು ಇಲ್ಲೇ. "ಕತೆಯಿಂದ ಹೊಟ್ಟೆ ತುಂಬುತ್ತದೆಯೇ?" ಎಂಬುದು ತಮ್ಮನ ನಿತ್ಯದ ಪ್ರಶ್ನೆ. ಫೀಸು ನೋಡಿದರೆ ಅವನನ್ನು ದೂರುವಂತಿಲ್ಲ.

ತರಗತಿಯ ಕ್ರಮ ಕೇಳಿ. ಬರೆದ ಕತೆಯ ಪ್ರತಿಗಳನ್ನು ಮೊದಲೇ ಎಲ್ಲರಿಗೂ ಹಂಚಬೇಕು. ಎಲ್ಲರೂ ಓದಿ, ಅಂಚಿನಲ್ಲಿ ಟಿಪ್ಪಣಿ ಬರೆದು ತರುತ್ತಾರೆ. ಮೇಜಿನ ಸುತ್ತ ಕುಳಿತು ಅದರ ಬಗ್ಗೆ ಚರ್ಚಿಸುತ್ತಾರೆ. ಅಷ್ಟು ಹೊತ್ತೂ ಬರೆದವಳು ಬಾಯಿ ಬಿಡುವಂತಿಲ್ಲ. "ಅದೇ ಕಷ್ಟ, ಫುಪ್ಪು" ಎಂದಳು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಅದರಲ್ಲಿ ಕಷ್ಟವೇನು, ಎಂದುಕೊಂಡೆ.

ಅವಳ ಕೋಣೆಯಲ್ಲಿ ಝುಹರ್ ನಮಾಝ್ ಮುಗಿಸಿದ ಮೇಲೆ ಟಿಪ್ಪಣಿ ತುಂಬಿದ ಒಂದು ಪ್ರತಿ ಕೊಟ್ಟಳು. ಓದುತ್ತಾ ನನ್ನ ಕೈ ತಣ್ಣಗಾಯಿತು. ಅದು ನಮ್ಮ ಅಮ್ಮಿಯ ಕತೆ. ಅಬ್ಬಾ ತೀರಿಕೊಂಡ ಮೇಲೆ ಓದು ಬಾರದ ಅಮ್ಮಿಯಿಂದ ಮನೆಯವರೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಮನೆ ಬರೆಸಿಕೊಂಡದ್ದು. ಹುಡುಗಿಗೆ ಅದನ್ನು ಫೋನಿನಲ್ಲಿ ಹೇಳಿದವಳು ನಾನೇ.

ಒಂದು ಅಂಚಿನಲ್ಲಿ ಯಾರೋ ಕೇಳಿದ್ದರು: ಇವರ ಧರ್ಮದಲ್ಲಿ ವಿಧವೆಗೆ ಪಾಲಿಲ್ಲವೇ? ನನಗೆ ನಾಚಿಕೆಯೂ ಸಿಟ್ಟೂ ಬಂತು. ಮಕ್ಕಳಿರುವ ವಿಧವೆಗೆ ಎಂಟನೇ ಒಂದು ಪಾಲು ಕುರ್‌ಆನ್ ನಿಗದಿಪಡಿಸಿದ್ದು. ನಾವು ಮಕ್ಕಳ ಪಾಲು ಬೇರೆ. ಕೊಡದವರು ನಮ್ಮವರು.

"ಇದು ಗೀಬತ್ ಆಗುವುದಿಲ್ಲವೇನಮ್ಮಾ?" ಎಂದೆ.

"ಹೆಸರು, ಊರು ಎಲ್ಲ ಬದಲಿಸಿದ್ದೇನೆ, ಫುಪ್ಪು. ಅನ್ಯಾಯವಾದವರೂ ಹೇಳಬಾರದೇ?"

ಅನ್ಯಾಯಕ್ಕೊಳಗಾದವರು ನ್ಯಾಯ ಕೊಡಿಸಬಲ್ಲವರ ಮುಂದೆ ದೂರುವುದು ಗೀಬತ್ ಅಲ್ಲವೆಂದು ಇಮಾಮ್ ನವವಿ ಬರೆದಿದ್ದಾರೆ. ನಾನೇ ಕಲಿಸುವ ಪಾಠವದು. ಆದರೆ ಆ ಮೇಜಿನ ಸುತ್ತ ಕೂತ ಹುಡುಗರು ಯಾವ ನ್ಯಾಯ ಕೊಡಿಸಿಯಾರು? ಅಮ್ಮಿಯೂ ಈಗಿಲ್ಲ. ಹಾಗಾದರೆ ನಲವತ್ತು ವರ್ಷ ನಾವು ಬಾಯಿ ಮುಚ್ಚಿಕೊಂಡದ್ದು ಯಾರ ಮಾನ ಕಾಯಲು? ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ನಾನು ಕಾಗದಗಳನ್ನು ತಮ್ಮನ ಕೈಗೆ ಕೊಟ್ಟೆ. ಅವನು ಕಿಟಕಿಯ ಬಳಿ ನಿಂತು ಓದತೊಡಗಿದ.

ಹುಡುಗಿ ಪೆನ್ಸಿಲ್ ಹಿಡಿದು ನನ್ನ ಪಕ್ಕ ಬಂದು ಕೂತಳು. ಕತೆಯನ್ನು ತಿದ್ದಿ ಬರೆಯಬೇಕಂತೆ.

"ಫುಪ್ಪು, ದಾದಿ ಒತ್ತಿದ್ದು ಯಾವ ಕೈಯ ಹೆಬ್ಬೆಟ್ಟು?"

"ಎಡಗೈಯದು" ಎಂದೆ. ಆಗ ನನಗೆ ಏಳು ವರ್ಷ, ಪಕ್ಕದಲ್ಲೇ ನಿಂತಿದ್ದೆ. "ಅದಕ್ಕಾಗಿ ಎಡಸೊಂಟದ ಮೇಲಿದ್ದ ನಿನ್ನ ಅಬ್ಬಾನನ್ನು ಬಲಕ್ಕೆ ಬದಲಿಸಿಕೊಂಡರು."

ಅವಳು ಅದನ್ನು ಬರೆದುಕೊಂಡಳು.